ಹಂದಿಬಳ್ಳಿಯ ಬುಟ್ಟಿ

ನಮ್ಮತ್ತೆ ಗಿಡ್ಡಮ್ಮ ಹಂದಿಬಳ್ಳಿಯ ಬೇರು ಜಜ್ಜಿ, ನೀರಲ್ಲಿ ನೆನೆಸಿ, ಆ ನೀರನ್ನು ಅವರೆಗಿಡಕ್ಕೆ ಚಿಮುಕಿಸುತ್ತಿದ್ದರು. ಹುಳುಗಳು ಉದುರಿ ಸಾಯುತ್ತಿದ್ದವು. ಹಳೇಬೀಡಿನ ಸುತ್ತಮುತ್ತ ಕೇಳಿದವರಿಗೆಲ್ಲ ಜಜ್ಜುವುದನ್ನು ಕಲಿಸಿದ್ದರು. ಬೇರಿನ ಬುಟ್ಟಿಯನ್ನು ಮಾತ್ರ ತಾವೇ ಬಳ್ಳಿಯ ಬುಡದಲ್ಲಿ ತೊಳೆಯುತ್ತಿದ್ದರು.

೧೯೯೮ರಲ್ಲಿ ಅವರು ಜ್ವರ ಬಂದು ಮಲಗಿದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಬುಟ್ಟಿಯನ್ನು ಜಜ್ಜಿದ ಬೇರಿನ ಹಿಪ್ಪೆಯ ಸಮೇತ ಊರಿನ ಚಿಕ್ಕ ಕುಂಟೆಯಲ್ಲಿ ಅದ್ದಿ ತೊಳೆದೆ. ಸಂಜೆಯೊಳಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

ಅತ್ತೆ ಕಂಬಳಿ ಹೊದ್ದುಕೊಂಡೇ ಕುಂಟೆಗೆ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ.

"ಜಜ್ಜೋದು ಹೇಳ್ಕೊಟ್ಟೆ, ತೊಳೆಯೋದು ಹೇಳ್ಕೊಡ್ಲಿಲ್ಲ. ತಪ್ಪು ನಂದೇ ಕಣವ್ವ," ಅಂದರು.

ಮೀನಿನ ಸಾರೆಂದರೆ ಅವರಿಗೆ ಪ್ರಾಣ. ಅವತ್ತಿನಿಂದ ಸಾಯುವ ತನಕ ಮುಟ್ಟಲಿಲ್ಲ. ಬುಟ್ಟಿ ತೊಳೆದ ನಾನು ಇವತ್ತಿಗೂ ಉಣ್ಣುತ್ತೇನೆ.