ಟ್ರಾಲಿಯ ಅಚ್ಚು

ಗುಡಗೇರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದಿನ ಟ್ರಾಲಿ ಬಾಲದಂತೆ ಅಲ್ಲಾಡುತ್ತ ಬರುತ್ತಿತ್ತು. ಅದರ ತುಂಬ ಮೆಣಸಿನಕಾಯಿ ಬಿಡಿಸಲು ಹೊರಟ ಹೆಣ್ಣುಮಕ್ಕಳು. ಎಲ್ಲರಿಗಿಂತ ಹಿಂದೆ, ಕಡ್ಡಿಯಂಥ ಹಸೀನಾ ಚಾಚಿ. ಕೂಲಿಯವರ ಪರವಾಗಿ ಜಗಳಾಡುವುದೇ ನನ್ನ ಕೆಲಸ. ಅಡ್ಡ ನಿಂತು ತಡೆದೆ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಮಾಲೀಕ ಗೌಡನೇ.

ಬಗ್ಗಿ ನೋಡಿದರೆ, ಕಾಳು ಸುರಿಯುವಾಗ ಟ್ರಾಲಿ ಸಲೀಸಾಗಿ ಹಿಂದಕ್ಕೆ ಬಾಗಲಿ ಎಂದು ಮಾಲೀಕ ಗಾಲಿಗಳ ಅಚ್ಚನ್ನೇ ಮುಂದಕ್ಕೆ ಸರಿಸಿ ವೆಲ್ಡಿಂಗ್ ಮಾಡಿಸಿದ್ದ. ಕಾಳು ಸುಖವಾಗಿ ಇಳಿಯಬೇಕು, ಮನುಷ್ಯರು ಸತ್ತರೂ ನಡೆಯುತ್ತದೆ.

"ಗೌಡ್ರ, ಅಚ್ಚು ಮೊದಲಿನ ಜಾಗಾಕ್ಕ ಹಾಕಸ್ರಿ. ಭಾರ ಅಚ್ಚಿನ ಹಿಂದ ಬಿದ್ರ ಟ್ರ್ಯಾಕ್ಟರಿಗೆ ಸಿಗಸಿದ ಕೊಂಡಿ ಮ್ಯಾಲೇಳತೈತಿ, ಟ್ರಾಲಿ ಓಲಾಡಿ ಪಲ್ಟಿ ಹೊಡಿತೈತಿ."

"ಅಂದ್ರ ಮುಂದ ಭಾರ ಇರಬೇಕೇನು?"

"ಹೌದ್ರಿ."

"ಅಷ್ಟಕ್ಕ ಯಾಕ ಒದರತಿ? ಏ, ಎಲ್ಲಾರೂ ಮುಂದ ಸರೀರಿ! ಶಂಕ್ರವ್ವ, ನೀ ದಪ್ಪ ಅದಿ, ಅಗದಿ ಮುಂದ ಬಾ."

"ತೂಕದ ಮ್ಯಾಲೆ ಕೂಲಿ ಕೊಡ್ತೀರೇನ್ರಿ ಗೌಡ್ರ?" ಅಂದಳು ಶಂಕ್ರವ್ವ. ಎಲ್ಲರೂ ನಕ್ಕರು. ಟ್ರಾಲಿ ನೆಟ್ಟಗೆ ಹೋಯಿತು.

ಮರುದಿನ ಅದೇ ತಿರುವಿನಲ್ಲಿ ಹಸೀನಾ ಚಾಚಿ ಬುತ್ತಿ ಹಿಡಿದು ಒಬ್ಬಳೇ ನಿಂತಿದ್ದಳು.

"ಯಾಕ ಚಾಚಿ, ಕೆಲಸಕ್ಕ ಹೋಗಲಿಲ್ಲ?"

"ಮುಂದ ಜಾಗಾ ದಪ್ಪನವ್ರಿಂದನ ತುಂಬಿತಂತ. ಹಿಂದ ಕುಂತ್ರ ಟ್ರಾಲಿ ಓಲಾಡತೈತಿ, ಹಗುರ ಇದ್ದಾಕಿ ಇನ್ನ ಬರೂದ ಬ್ಯಾಡ ಅಂದ್ರು. ನೀನ ಹೇಳಿಕೊಟ್ಟೆಲ್ಲಪಾ."

ಅಚ್ಚು ಈಗಲೂ ಅಲ್ಲೇ ಇದೆ. ಇಷ್ಟು ವರ್ಷ ಒದರಿದ್ದೇನೆ, ಮಾಲೀಕನೊಬ್ಬ ನನ್ನ ಮಾತು ಕೇಳಿದ್ದು ಅದೊಂದೇ ಸಲ.