ನಿಂಬೆಹಣ್ಣಿಗೆ ಹೆದರಿದ ಕಾರು

ನಮ್ಮ ಕಾರಿನ ಮೂತಿಗೆ ನಿಂಬೆಹಣ್ಣು ಕಟ್ಟಿದವರು ಯಾರು ಎಂಬುದು ನನಗೆ ನಿಜವಾಗಿಯೂ ನೆನಪಿಲ್ಲ. ನೆನಪಿದೆ ಎಂದುಕೊಂಡು ಒಮ್ಮೆ ಹತ್ತು ಜನರ ಮುಂದೆ ಒಬ್ಬರ ಹೆಸರು ಹೇಳಿಬಿಟ್ಟಿದ್ದೆ. ಅದಕ್ಕೂ ಮೊದಲು ಅದೇ ಹತ್ತು ಜನರ ಮುಂದೆ, ಕಾರು ಕೆಡಿಸಿದವರೆಂದು ಇನ್ನೊಬ್ಬರ ಹೆಸರು ಹೇಳಿದ್ದೆ. ನಮ್ಮ ಹಳೆಯ ತಾರ್ಕಿಕರು ನೆನಪನ್ನು ಪ್ರಮಾಣಗಳ, ಅಂದರೆ ನಂಬಬಹುದಾದ ಅರಿವಿನ ಮೂಲಗಳ ಸಾಲಿಗೆ ಸೇರಿಸಿಕೊಳ್ಳಲಿಲ್ಲ ಎಂದು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಅಂಕ ಆಗಲೇ ಬಂತು. ಬುದ್ಧಿ ಬರುವುದಕ್ಕೆ ಒಂದು ಹಳೆಯ ಐಷಾರಾಮಿ ಕಾರು ಬೇಕಾಯಿತು.

ಕಾರು ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರದು. ಹನ್ನೊಂದು ವರ್ಷದ್ದು, ಕಪ್ಪು ಬಣ್ಣದ್ದು, ಕೊಪ್ಪಳದ ನಮ್ಮ ಓಣಿಯಲ್ಲಿ ತಿರುಗಿಸಲು ಮೂರು ಮನೆಯವರ ಸಹಕಾರ ಬೇಡುವಷ್ಟು ಉದ್ದದ್ದು. ಹೊಸದಾಗಿದ್ದಾಗ ಅದರ ಬೆಲೆಗೆ ನವಲಿ ಕಡೆ ಒಳ್ಳೆಯ ನೀರಾವರಿ ಗದ್ದೆ ಬರುತ್ತಿತ್ತಂತೆ. ನನಗೆ ಅದು ಒಂದು ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಸಿಕ್ಕಿತು. ಬೀಗದ ಕೈ ಕೊಡುವಾಗ ಸಾಹುಕಾರರು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಕಣ್ಣೊರೆಸಿಕೊಂಡರು. ದುಃಖಕ್ಕೆ ಎಂದುಕೊಂಡಿದ್ದೆ. ಮೊದಲ ಸರ್ವಿಸಿನ ಬಿಲ್ಲು ನೋಡಿದ ಮೇಲೆ ಅದು ನಿರಾಳದ ಕಣ್ಣೀರಿರಬೇಕು ಅನ್ನಿಸಿತು.

ಇಂಥ ಕಾರುಗಳ ಒಂದು ಗುಟ್ಟನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾರಿಗೆ ವಯಸ್ಸಾಗುತ್ತದೆ, ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳು ಮಾತ್ರ ಮದುವೆಯ ದಿನದ ಬೆಲೆಯಲ್ಲೇ ಉಳಿದಿರುತ್ತವೆ. ನಮ್ಮ ಕಾರಿನ ಎಡಗಡೆಯ ಗಾಜು ಅರ್ಧಕ್ಕೆ ಇಳಿದು ಯೋಚನೆಗೆ ಬೀಳುತ್ತಿತ್ತು. ಗಿರಣಿಯ ಇಲಿಗಳು ಅದರ ವೈರಿನ ರುಚಿ ನೋಡಿದ್ದವು. ಹಿಂದಿನ ಸೀಟಿನ ಕೆಳಗೆ ಬಿದ್ದಿದ್ದ ಭತ್ತ ಒಂದು ಮಳೆಗಾಲದಲ್ಲಿ ಮೊಳಕೆಯೊಡೆಯಿತು. ಎಲ್ಲಕ್ಕಿಂತ ದೊಡ್ಡ ತೊಂದರೆ ಸಸ್ಪೆನ್ಷನ್ನಿನದು. ಬೇರೆ ಕಾರುಗಳು ಸ್ಪ್ರಿಂಗಿನ ಮೇಲೆ ನಿಂತರೆ ಇದು ಗಾಳಿಚೀಲಗಳ ಮೇಲೆ ನಿಲ್ಲುತ್ತದೆ. ಗಾಳಿ ಸೋರಿದರೆ ಮುಂಜಾನೆಯ ಹೊತ್ತಿಗೆ ಮುಂಗಾಲು ಮಡಿಚಿದ ಒಂಟೆಯ ಹಾಗೆ ಕುಳಿತುಬಿಟ್ಟಿರುತ್ತದೆ. ಇಷ್ಟಾದರೂ ಒಳಗೆ ಕುಳಿತು ಹೊರಟರೆ, ರಸ್ತೆಯ ಗುಂಡಿಗಳು ದೂರದ ಯಾರದೋ ಮನೆಯ ಜಗಳದಂತೆ ಕೇಳಿಸುತ್ತವೆ. ಅಷ್ಟಕ್ಕೇ ನಾನು ಎಲ್ಲವನ್ನೂ ಕ್ಷಮಿಸುತ್ತಿದ್ದೆ.

ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದವನು ರಾಜಾಸಾಬ. ಕುಷ್ಟಗಿ ರಸ್ತೆಯಲ್ಲಿ ಅವನ ತಗಡಿನ ಗ್ಯಾರೇಜು. ಮೊದಲು ಭತ್ತ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು. ಯಾವ ಕಾರು ಬಂದರೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾನೆ, ನಾಡಿ ನೋಡುವವನಂತೆ. ನನ್ನ ಕಾರಿಗೆ ಅವನಿಟ್ಟ ಹೆಸರು ಬೇಗಂ. ಮುಂಜಾನೆ ಫೋನು ಮಾಡಿ, "ಬೇಗಂ ಸಾಹೇಬ್ರು ಎದ್ದಾರೇನ್ರಿ ಸರ?" ಎಂದು ಕೇಳುತ್ತಿದ್ದ. ನನ್ನ ಹೆಂಡತಿ ಸುವರ್ಣಾ ಅಡುಗೆಮನೆಯಿಂದಲೇ, ಎದ್ದಿಲ್ಲ ಅಂತ ಹೇಳ್ರಿ, ಅನ್ನುತ್ತಿದ್ದಳು.

ಒಮ್ಮೆ ಅವನು ಮುಂದಿನ ಬಂಪರು ಬಿಚ್ಚಿ ಗಾಳಿಯ ಪೈಪು ಬದಲಿಸಿದ. ಬೇಗಂ ಎದ್ದು ನಿಂತಳು. ವಾರವೂ ಕಳೆದಿರಲಿಲ್ಲ, ಹೊಸ ರೋಗ ಶುರುವಾಯಿತು. ಬಂಪರಿನಲ್ಲಿ ಸಣ್ಣ ಗುಂಡಿಯಂಥ ಸೆನ್ಸರುಗಳಿವೆ. ಎದುರಿಗೆ ಏನಾದರೂ ಅಡ್ಡ ಬಂದರೆ ಕಿರುಚಿ ಎಚ್ಚರಿಸುವುದು ಅವುಗಳ ಕೆಲಸ. ಈಗ ಎದುರಿಗೆ ಏನೂ ಇಲ್ಲದಿದ್ದರೂ, ಕಾರು ನಿಧಾನವಾದ ಕೂಡಲೇ ಅವು ಕಿರುಚತೊಡಗಿದವು. ಬಂಪರು ಬಿಚ್ಚಿದವನು ರಾಜಾಸಾಬ, ಕೆಟ್ಟದ್ದು ಬಂಪರು. ನನಗೆ ಬೇರೆ ಪುರಾವೆ ಬೇಕೆನ್ನಿಸಲಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕೊಯ್ಯುವ ಯಂತ್ರದವನ ಕೈಗೆ ಇಂಥ ಕಾರು ಕೊಟ್ಟದ್ದೇ ತಪ್ಪು ಎಂದು ಚಹಾ ಕುಡಿಯುತ್ತ ಹೇಳಿದೆ. ಆಗ ಕಾಲೇಜಿನ ಎರಡು ಬಸ್ಸುಗಳ ರಿಪೇರಿಯನ್ನು ಅವನಿಗೆ ವಹಿಸುವ ಮಾತು ನಡೆದಿತ್ತು. ಆ ಮಾತು ಅಲ್ಲಿಗೇ ನಿಂತಿತು. ಬಸ್ಸುಗಳನ್ನು ನೆಚ್ಚಿ ಅವನು ಗ್ಯಾರೇಜಿಗೆ ಇನ್ನೊಂದು ತಗಡಿನ ಮಾಡು ಹೊದಿಸಿದ್ದ. ಅದು ಖಾಲಿ ಉಳಿಯಿತು. ಬೇಗಂ ಎದ್ದಳೇ ಎಂದು ಕೇಳುವ ಫೋನೂ ನಿಂತಿತು.

ದೂರದ ದೊಡ್ಡ ಶೋರೂಮಿಗೆ ಕಾರು ಒಯ್ದೆ. ಅವರು ಸೆನ್ಸರು ಬದಲಿಸಿ, ಚೆನ್ನಾಗಿ ತೊಳೆದು, ನನ್ನ ಒಂದು ತಿಂಗಳ ಸಂಬಳವನ್ನು ಸುಮಾರಾಗಿ ಹಾಗೇ ಇಟ್ಟುಕೊಂಡು ಕಳಿಸಿದರು. ಕಿರುಚಾಟ ನಿಂತಿತು. ನನ್ನ ತೀರ್ಮಾನ ಗಟ್ಟಿಯಾಯಿತು. ಕೆಲವು ವಾರಗಳ ಮೇಲೆ ಮತ್ತೆ ಶುರುವಾದಾಗ ಇನ್ನೂ ಗಟ್ಟಿಯಾಯಿತು: ಅವನು ಒಳಗೆಲ್ಲೋ ವೈರೂ ಕೆಡಿಸಿದ್ದಾನೆ. ಎಲ್ಲದರ ಮೇಲೂ ಸಂಶಯಪಡುವವನಿಗೆ ತನ್ನ ಸಂಶಯದ ಮೇಲೆ ಮಾತ್ರ ಸಂಶಯ ಬರುವುದಿಲ್ಲ.

ಸುವರ್ಣಾಳ ತವರು ಮಂಗಳೂರು. ಕಡಲಿನದಲ್ಲ, ಯಲಬುರ್ಗಾ ಸೀಮೆಯದು. ಅಲ್ಲಿ ಬಸುರಿಯಾಗಿದ್ದ ಅವಳ ತಮ್ಮನ ಹೆಂಡತಿಯ ಕುಬಸ, ಅಂದರೆ ಸೀಮಂತ. ಕಿರುಚುತ್ತಲೇ ಊರೊಳಗೆ ಹೋದೆವು. ಊಟ ಮುಗಿಸಿ ಹೊರಬರುವಷ್ಟರಲ್ಲಿ ಕಾರು ಅಂಗಳದಲ್ಲಿ ಕುಳಿತುಬಿಟ್ಟಿತ್ತು. ಬೀಗರೆಲ್ಲ ಸುತ್ತ ನೆರೆದರು. ಎಮ್ಮೆ ಮಲಗಿದಾಗ ಮಾಡುವ ಹಾಗೆ ಬಾಲ ತಿರುವಿ ನೋಡಿ ಎಂದು ಮಾವನವರು ಸಲಹೆ ಕೊಟ್ಟರು. ಯಾರಿಗೆ ಫೋನು ಮಾಡಬೇಕೆಂದು ನನಗೆ ಗೊತ್ತಿತ್ತು, ಆದರೆ ಮಾಡುವ ಮುಖವಿರಲಿಲ್ಲ. ಸುವರ್ಣಾ ಮಾಡಿದಳು.

ರಾಜಾಸಾಬ ಬೈಕಿನಲ್ಲಿ ಬಂದ. ನನ್ನ ಕಡೆ ನೋಡದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಗಾಳಿ ತುಂಬುವ ಪಂಪಿಗೆ ಕರೆಂಟು ಕೊಡುವ ರಿಲೇ ಸುಟ್ಟಿತ್ತು, ಅದನ್ನು ಬದಲಿಸಿದ. ಬೇಗಂ ಉಸಿರೆಳೆದು ಎದ್ದಳು, ಎದ್ದವಳೇ ಕಿರುಚಿದಳು. ಅವನು ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ. ನಮ್ಮ ಕಡೆ ಪ್ರತಿ ಅಮಾವಾಸ್ಯೆಗೆ ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲ ಗಾಡಿಗೂ ಪೂಜೆ. ಮುಂದೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ತೂಗಲೇಬೇಕು. ನಮ್ಮ ಕಾರಿಗೂ ತೂಗುತ್ತಿತ್ತು. ಅವನು ಅದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಸದ್ದು ನಿಂತಿತು. ಬಿಟ್ಟ. ಕಿರುಚಿತು. ಸರಿಸಿದ. ನಿಂತಿತು.

"ದೆವ್ವ ಹೆದರ್ಲಿ ಅಂತ ಕಟ್ಟತಾರ. ಇಲ್ಲಿ ಬೇಗಂ ಸಾಹೇಬ್ರ ಹೆದರ್ಯಾರ" ಎಂದ.

ಅಂಗಳವೆಲ್ಲ ನಕ್ಕಿತು. ಅವನು ನಗಲಿಲ್ಲ. ದಾರ ಕತ್ತರಿಸಿ, ನಿಂಬೆಹಣ್ಣನ್ನು ದಾರದ ಸಮೇತ ನನ್ನ ಅಂಗೈಯಲ್ಲಿಟ್ಟ. ತಪ್ಪಾಯಿತು ಎಂದು ನಾನು ಮೆಲ್ಲಗೆ ಶುರುಮಾಡಿದೆ.

"ನನ್ನ ಮುಂದ ಬ್ಯಾಡ್ರಿ ಸರ. ಎಲ್ಲಿ ಹೇಳಿದ್ರಿ, ಅಲ್ಲೇ ಹೇಳ್ರಿ" ಎಂದು ಕೈ ಒರೆಸಿಕೊಂಡ.

ಮರುದಿನ ಅಲ್ಲೇ ಹೇಳಿದೆ. ರಾಜಾಸಾಬನದು ಏನೂ ತಪ್ಪಿರಲಿಲ್ಲ, ಕೆಡಿಸಿದ್ದು ನಿಂಬೆಹಣ್ಣು, ಆ ವಾರದ ಅಮಾವಾಸ್ಯೆಗೆ ಕಟ್ಟಿದ್ದು ಸೆನ್ಸರಿನ ಎದುರಿಗೇ ತೂಗಿತ್ತು, ಶೋರೂಮಿನವರು ತೊಳೆಯುವಾಗ ಅದನ್ನು ಕಿತ್ತಿರಬೇಕು, ಮುಂದಿನ ಅಮಾವಾಸ್ಯೆಗೆ ಮತ್ತೊಂದು ಬಂತು ಎಂದು ಸ್ಟಾಫ್ ರೂಮಿನಲ್ಲಿ ನಿಂತು ವಿವರಿಸಿದೆ. ಬಸ್ಸುಗಳು ಅವನ ಹೊಸ ಮಾಡಿನ ಕೆಳಗೆ ಹೋದವು. ಆದರೆ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡುವವನ ಕಾರಿಗೆ ನಿಂಬೆಹಣ್ಣು ಹೇಗೆ ಬಂತು ಎಂದು ಯಾರೋ ಕೇಳಿದರು. ನಾನು ಒಂದು ಕ್ಷಣವೂ ತಡೆಯದೆ, ನಮ್ಮ ಮನೆಯವಳು ಕಟ್ಟಿದ್ದು ಎಂದೆ. ಬೇಡವೆಂದು ನಾನು ವಾದಿಸಿದ್ದು, ಅವಳು ಕೇಳದೆ ಕಟ್ಟಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಸುದ್ದಿ ಸಂಜೆಗೆ ಸುವರ್ಣಾಳಿಗೆ ತಲುಪಿತು. ಅವಳು ಜಗಳವಾಡಲಿಲ್ಲ.

"ನಾ ಕುಂಕುಮ ಹಚ್ಚಿದ್ದು ನೆನಪೈತ್ರಿ. ನಿಂಬಿಹಣ್ಣು ಕಟ್ಟಿದ್ದು ನೆನಪಿಲ್ಲ. ನೀವು ಭಾಳ ಓದಿದವ್ರು, ನೀವ ಹೇಳ್ತೀರಂದ್ರ ಕಟ್ಟಿರಬೇಕು ಬಿಡ್ರಿ" ಎಂದಳು.

ಆ 'ಬಿಡ್ರಿ' ನನ್ನನ್ನು ಬಿಡಲಿಲ್ಲ. ಮುಂದೊಂದು ದಿನ ವಿಮೆಯ ಕಾಗದ ಹುಡುಕುವಾಗ ಕಾರಿನ ಖಾನೆಯಲ್ಲಿ ಒಣಗಿ ಅಡಿಕೆಯಂತಾದ ಆ ನಿಂಬೆಹಣ್ಣು ಸಿಕ್ಕಿತು. ಅದರ ದಾರವನ್ನು ಮೊದಲ ಸಲ ಗಮನಿಸಿ ನೋಡಿದೆ. ಹಸಿರು ಬಣ್ಣದ್ದು, ತುದಿಗೆ ತಗಡಿನ ಮೊನೆ. ಉತ್ತರಪತ್ರಿಕೆಗಳ ಕಟ್ಟಿಗೆ ಪೋಣಿಸುವ ಟ್ಯಾಗು. ಹಾಗಂತ ಅದೇನೂ ಪುರಾವೆಯಲ್ಲ ಎಂದು ನನಗೆ ನಾನೇ ವಾದಿಸಿದೆ. ನನ್ನ ಮೇಜಿನ ಮೇಲೆ ಬಿದ್ದಿದ್ದನ್ನು ಸುವರ್ಣಾ ತೆಗೆದುಕೊಂಡಿರಬಹುದು.

ಕಪಾಟು ತೆರೆದೆ. ಕಿರುಪರೀಕ್ಷೆಯ ಮೂರು ಕಟ್ಟುಗಳಿದ್ದವು. ಎರಡಕ್ಕೆ ಹಸಿರು ಟ್ಯಾಗು. ಮೂರನೆಯದನ್ನು ಅರಿಸಿನ ಹಚ್ಚಿದ ಪೂಜೆಯ ದಾರದಿಂದ ಬಿಗಿದಿತ್ತು, ನಾನು ಯಾವಾಗಲೂ ಹಾಕುವ ಎರಡು ಸುತ್ತಿನ ಗಂಟು. ಗಂಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ನನ್ನ ಸಹಿ, ಸಹಿಯ ಕೆಳಗೆ ತಾರೀಖು. ಪೂಜೆಯ ನೂಲು ನಿಂಬೆಹಣ್ಣಿನ ಭಾರಕ್ಕೆ ತಡೆಯದೆ, ಈ ಕಟ್ಟಿನ ಟ್ಯಾಗನ್ನು ಅದಕ್ಕೆ ಹಾಕಿ ನೂಲನ್ನು ಇದಕ್ಕೆ ಸುತ್ತಿದೆನೇನೋ, ನನಗೆ ಗೊತ್ತಿಲ್ಲ. ಆ ಮುಂಜಾನೆಯ ಒಂದು ಚೂರೂ ನನ್ನ ತಲೆಯಲ್ಲಿ ಉಳಿದಿಲ್ಲ. ಉಳಿದಿರುವುದು ನಾನು ಬೇಡ ಬೇಡ ಎಂದು ವಾದಿಸಿದ ಚಂದದ ಚಿತ್ರವೊಂದೇ. ನಾಳೆ ಮೂರನೆಯ ಸಲ ಸ್ಟಾಫ್ ರೂಮಿನಲ್ಲಿ ಎದ್ದು ನಿಲ್ಲಬೇಕು. ಹೋಗುವ ಮುನ್ನ, ಎಲ್ಲಾದರೂ ತಪ್ಪಿಸಿಕೊಳ್ಳುವ ದಾರಿ ಸಿಕ್ಕೀತೆಂದು, ಚೀಟಿಯ ತಾರೀಖನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿ ನೋಡಿದೆ. ಅದು ಅಮಾವಾಸ್ಯೆಯೇ.