ಊದುಗೊಳವೆ ಮತ್ತು ಪಂಪು

ಅವರ ಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಬದಿಗಿರುತ್ತಿತ್ತು. ಗಾಜಿನ ಮೇಲೆ ನಾಲ್ಕರಿಂದ ಏಳರವರೆಗೆ ಒಂದು ಸೀಳು. ರೋಗಿಯ ಎದೆಯ ಏರಿಳಿತ ಎಣಿಸುವಾಗ ಮಾತ್ರ ಅದನ್ನು ನೋಡುತ್ತಿದ್ದರು. ಬಸ್ಸಿನ ಹೊತ್ತನ್ನು ನಮ್ಮನ್ನೇ ಕೇಳುತ್ತಿದ್ದರು.

ಸಂಗೊಳ್ಳಿಯಲ್ಲಿ ಎಲ್ಲರಿಗೂ ಅವರು ನರ್ಸ್ ಅಕ್ಕೋರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಹತ್ತಿಕಟ್ಟಿಗೆಯ ಹೊಗೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ಅವ್ವ, ಓಣಿಯ ನಲ್ಲಿಯಿಂದ ಮನೆ ಮುಟ್ಟುವಷ್ಟರಲ್ಲಿ ದಮ್ಮು ಹತ್ತಿ ಎರಡು ಕಡೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಶ್ವಾಸಕೋಶದ ಹಳೆಯ ರೋಗ, ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದು ಬೈಲಹೊಂಗಲದ ಡಾಕ್ಟರು ಇನ್‌ಹೇಲರ್ ಪಂಪು ಕೊಟ್ಟರು. ಬಳಸುವ ಕ್ರಮವನ್ನು ನಾನೇ ಎರಡು ಸಲ ಓದಿ ಹೇಳಿದೆ. ತಿಂಗಳಾದರೂ ಗುಣ ಕಾಣಲಿಲ್ಲ. ಅವ್ವನನ್ನು ನೋಡಿಕೊಳ್ಳಲು ಎಂ.ಎ. ಅರ್ಧಕ್ಕೆ ಬಿಟ್ಟು ಧಾರವಾಡದ ಹಾಸ್ಟೆಲಿನಿಂದ ಟ್ರಂಕು ತಂದೆ. ಅಪ್ಪ ಪಂಪು ಬಿಡಿಸುವ ಮಾತಾಡಿದ ದಿನವೇ ಅಕ್ಕೋರು ಬಂದರು.

'ತಿಳೀತೇನ್ರಿ?' ಎಂದು ಅವರು ಯಾರನ್ನೂ ಕೇಳಿದವರಲ್ಲ. "ತಲಿ ಎಲ್ಲಾರೂ ಅಲ್ಲಾಡಸ್ತಾರ. ಹೇಳಬ್ಯಾಡ್ರಿ, ಮಾಡಿ ತೋರಸ್ರಿ."

ಅವ್ವ ಪಂಪನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಒತ್ತಿ ಜೋರಾಗಿ ಊದಿದಳು.

ಅಕ್ಕೋರು ನಗಲಿಲ್ಲ. ಒಲೆಯ ಬಳಿಯ ಊದುಗೊಳವೆ ತಂದು ಅವಳ ಮುಂದಿಟ್ಟರು. "ಯಕ್ಕಾ, ಇದು ಒಲಿ ಅಲ್ಲರಿ. ಹಿಂಗ ಊದಿದ್ರ ಔಷಧ ಎಲ್ಲಾ ಹೊರಗ ಹೊಕ್ಕೈತಿ."

"ಸಣ್ಣಾಕಿದ್ದಾಗಿಂದ ಕೊಳವಿ ಬಾಯಿಗಿಟ್ರ ಊದೂದೊಂದಾ ಗೊತ್ತರಿ ಅಕ್ಕೋರ ನನಗ!" ಎಂದಳು ಅವ್ವ, ಏದುಸಿರಿನಲ್ಲೇ.

"ಮೊದಲ ಉಸಿರು ಬಿಡ್ರಿ. ಆಮ್ಯಾಲ ಒತ್ತಿಕೋತ ಸಾವಕಾಶ ಒಳಗ ಎಳಕೋರಿ. ಹತ್ತು ಎಣಸೂಮಟಾ ಹಿಡೀರಿ. ನಡಿಯುವಾಗ ದಮ್ಮು ಹತ್ತಿದ್ರ ಅಷ್ಟ ಊದ್ರಿ, ಬಸಿಯೊಳಗಿನ ಚಾ ಆರಿಸಿದಂಗ, ತುಟಿ ಸಣ್ಣ ಮಾಡಿ."

ಆಮೇಲೆ ನನ್ನ ಕಡೆ ತಿರುಗಿದರು. "ನೀ ಓದಿ ಹೇಳಿದಿ. ಆಕಿ ತಗೊಳ್ಳೂದು ನೋಡಿದ್ದೇನು?"

ನೋಡಿರಲಿಲ್ಲ.

ಎಂಟು ದಿನ ಬಂದು ಎದುರಿಗೆ ಕುಳಿತು ನೋಡಿದರು. "ಯಜಮಾನ್ರ, ರೊಟ್ಟಿ ಬೇಕಂದ್ರ ಆಕಿಗೆ ಉಸಿರೂ ಬೇಕಲ್ಲರಿ," ಎಂದು ಅಪ್ಪನಿಂದ ಒಲೆಯನ್ನು ಹಿತ್ತಲಿನ ಬಯಲಿಗೆ ಹಾಕಿಸಿದರು. ಆರಾಮವಿದ್ದ ದಿನವೂ ಪಂಪು ತಪ್ಪಿಸಬಾರದೆಂದು ಅವ್ವನಿಂದ ಮಾತು ತೆಗೆದುಕೊಂಡರು. ಎರಡು ತಿಂಗಳ ಮೇಲೆ ನನ್ನನ್ನು ಕಳಿಸಲು ಅವ್ವ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದಳು. ನಡುವೆ ಒಮ್ಮೆ ಮಾತ್ರ ನಿಂತಳು. ಟ್ರಂಕು ಧಾರವಾಡಕ್ಕೆ ಮರಳಿತು.

ವರ್ಷಗಳ ನಂತರ, ನಾನು ಸವದತ್ತಿಯಲ್ಲಿ ಪಾಠ ಹೇಳುತ್ತಿದ್ದಾಗ, ಅವ್ವನ ಫೋನು ಬಂತು. "ಅಕ್ಕೋರು ತೀರಿ ಹೋದ್ರವಾ." ಆಮೇಲೆ ಅವಳು ತುಟಿ ಸಣ್ಣ ಮಾಡಿ ಉಸಿರು ಬಿಡುವುದಷ್ಟೇ ಕೇಳಿಸಿತು.

ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಕಿಟಕಿಯ ಗೂಡಿನಲ್ಲಿ ಅಂಥದೇ ಪಂಪು. ಆದರೂ ಗೋಡೆಯಾಚೆಯ ಏದುಸಿರು ದಿನವೂ ಕೇಳುತ್ತಿತ್ತು. ಕರೆಯದೆ ಒಬ್ಬರ ಮನೆಗೆ ಹೋಗುವ ಸ್ವಭಾವ ನನ್ನದಲ್ಲ.

ಆ ಫೋನು ಬಂದ ಮರುದಿನ ಬೆಳಿಗ್ಗೆ ಅಜ್ಜಿಯ ಮನೆಗೆ ಹೋದೆ. ಪಂಪನ್ನು ಅವರ ಕೈಗೆ ಕೊಟ್ಟು, ಎದುರಿಗೆ ನೆಲದ ಮೇಲೆ ಕುಳಿತೆ. "ಹೇಳಬ್ಯಾಡ್ರಿ ಅಜ್ಜಿ," ಎಂದೆ. "ಮಾಡಿ ತೋರಸ್ರಿ."